ಸಮಾಜ ಬದಲಾದಾಗ ಶಾಲೆ ಏನು ಮಾಡಬೇಕು? ಫಿನ್ಲೆಂಡಿನ ಉದಾಹರಣೆ

"ಜಾಗತಿಕ ಬದಲಾವಣೆಗೆ ಶಾಲೆ ಹೊಂದಿಕೊಳ್ಳಬೇಕು" ಎಂದು ಬಿ.ಎಡ್. ಪರೀಕ್ಷೆಯಲ್ಲಿ ಎಲ್ಲರೂ ಬರೆಯುತ್ತೇವೆ. ಹೇಗೆ ಎಂದು ಕೇಳಿದರೆ ಮಾತ್ರ ತಡವರಿಸುತ್ತೇವೆ. ಫಿನ್ಲೆಂಡನ್ನು ಹಿಡಿದು ಓದಿದರೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಅಲ್ಲಿ ಮೊದಲು 11ನೇ ವಯಸ್ಸಿನ ಹೊತ್ತಿಗೇ ಮಕ್ಕಳನ್ನು ಬೇರೆ ಬೇರೆ ಶಾಲೆಗಳಿಗೆ ವಿಂಗಡಿಸುತ್ತಿದ್ದರು. ಅದನ್ನು ತೆಗೆದು ಎಲ್ಲರಿಗೂ 9 ವರ್ಷದ ಒಂದೇ ಬಗೆಯ ಶಾಲೆ ತಂದರು. 1972ರಲ್ಲಿ ಉತ್ತರದ ಲ್ಯಾಪ್‌ಲ್ಯಾಂಡಿನಲ್ಲಿ ಶುರುವಾದ ಈ ಕೆಲಸ 1977ಕ್ಕೆ ದಕ್ಷಿಣ ತಲುಪಿತು. ಎಲ್ಲ ಬಗೆಯ ಮಕ್ಕಳೂ ಒಟ್ಟಿಗೆ ಕೂತ ತರಗತಿಗೆ ಪಾಠ ಮಾಡುವುದು ಸುಲಭವಲ್ಲ ಅಲ್ವಾ? ಹಾಗಾಗಿ 1979ರಿಂದ ಪ್ರಾಥಮಿಕ ಶಾಲೆಯ ಶಿಕ್ಷಕರಿಗೂ ಸ್ನಾತಕೋತ್ತರ ಪದವಿ ಬೇಕಾಯಿತು. 1990ರ ದಶಕದ ಆರಂಭದಲ್ಲಿ ಶಾಲಾ ತಪಾಸಣೆಯನ್ನೇ ಕೈಬಿಟ್ಟರು. ಮೊದಲು ಶಿಕ್ಷಕರನ್ನು ತಯಾರು ಮಾಡಿದರು, ಆಮೇಲೆ ಅವರಿಗೆ ಸ್ವಾತಂತ್ರ್ಯ ಕೊಟ್ಟರು. ನನಗೆ ಇಡೀ ಕಥೆಯಲ್ಲಿ ಮುಖ್ಯವೆನಿಸುವುದು ಈ ಕ್ರಮವೇ. ಪರೀಕ್ಷೆಯಲ್ಲಿ ಉತ್ತರ ಬರೆಯುವಾಗ ಇದನ್ನು ಬಿಡಬೇಡಿ.

2016ರಲ್ಲಿ ಹೊಸ ಪಠ್ಯಕ್ರಮ ಜಾರಿಗೆ ಬಂತು. ಪ್ರತಿ ವಿದ್ಯಾರ್ಥಿಗೂ ವರ್ಷಕ್ಕೆ ಒಂದಾದರೂ ಬಹುವಿಷಯ ಘಟಕ ಇರಬೇಕು. ಹವಾಮಾನ ಬದಲಾವಣೆಯನ್ನೇ ತೆಗೆದುಕೊಳ್ಳಿ. ಅದನ್ನು ಭೂಗೋಳ, ವಿಜ್ಞಾನ, ಸಮಾಜ ಮೂರರ ಕಡೆಯಿಂದಲೂ ಕಲಿಯಬಹುದು. ಬೇರೆ ಬೇರೆ ವಿಷಯಗಳನ್ನು ಕೈಬಿಟ್ಟರು ಎಂದು ಸುಮ್ನೆ ಬರೆಯುವವರಿದ್ದಾರೆ, ಅದು ತಪ್ಪು. ಗಣಿತ, ಇತಿಹಾಸದ ತರಗತಿಗಳು ಹಾಗೆಯೇ ಇವೆ.

ವಲಸೆ ಬಂದ ಮಕ್ಕಳಿಗೆ ಸುಮಾರು ಒಂದು ವರ್ಷದ ಪೂರ್ವಸಿದ್ಧತಾ ಶಿಕ್ಷಣವಿದೆ. ಫಿನ್ನಿಷ್ ಭಾಷೆಯನ್ನು ಎರಡನೇ ಭಾಷೆಯಾಗಿ ಕಲಿಸುತ್ತಾರೆ. ಸೊಮಾಲಿ, ಅರೇಬಿಕ್‌ನಂಥ ಮನೆಮಾತುಗಳಿಗೂ ಹಲವು ಊರುಗಳಲ್ಲಿ ತರಗತಿಗಳಿವೆ. ಹೊಸ ಭಾಷೆ ಕಲಿಯಲು ಮಗು ತನ್ನ ಭಾಷೆಯನ್ನು ಮರೆಯಬೇಕಿಲ್ಲ. ಇದು ನನಗೆ ತುಂಬ ಮೆಚ್ಚುಗೆಯಾದ ನಡೆ.

ಹಾಗಂತ ಎಲ್ಲವೂ ಸರಿಹೋಗಿದೆ ಎಂದಲ್ಲ. ಹಲವು ದೇಶಗಳ 15 ವರ್ಷದ ಮಕ್ಕಳಿಗೆ ನಡೆಯುವ ಪಿಸಾ ಪರೀಕ್ಷೆಯಲ್ಲಿ ಫಿನ್ಲೆಂಡಿನ ಗಣಿತದ ಸರಾಸರಿ ಅಂಕ 2006ರಲ್ಲಿ 548 ಇತ್ತು, 2012ರಲ್ಲಿ 519 ಆಯಿತು, 2022ರಲ್ಲಿ 484ಕ್ಕೆ ಬಂತು. ಇಳಿತ 2016ಕ್ಕೆ ಮೊದಲೇ ಶುರುವಾಗಿದೆ, ನೋಡಿ. ಆದ್ದರಿಂದ ಹೊಸ ಪಠ್ಯಕ್ರಮವೇ ಕಾರಣ ಎಂದು ಬರೆದರೆ ವಾದ ನಿಲ್ಲುವುದಿಲ್ಲ. ವಲಸಿಗರ ಮಕ್ಕಳಿಗೂ ಉಳಿದವರಿಗೂ ನಡುವಿನ ಅಂತರವೂ ಅಲ್ಲಿ ಜಾಸ್ತಿಯೇ ಇದೆ.

ಹೊಂದಿಕೊಳ್ಳುವುದೆಂದರೆ ಹೊಸದನ್ನು ಸೇರಿಸುವುದಷ್ಟೇ ಅಲ್ಲ, ಕೆಲವನ್ನು ತಡೆಯುವುದೂ ಹೌದು. ಇದಕ್ಕೆ ಮೊಬೈಲ್ ಒಳ್ಳೆಯ ಉದಾಹರಣೆ. ಡಿಜಿಟಲ್ ಕಲಿಕೆಗೆ ಬಾಗಿಲು ತೆರೆದ ಅದೇ ದೇಶ 2025ರ ಆಗಸ್ಟ್‌ನಲ್ಲಿ ಹೊಸ ಕಾನೂನು ತಂದಿತು. ಈಗ ಪಾಠದ ವೇಳೆ ಮಕ್ಕಳು ಮೊಬೈಲ್ ಬಳಸಬೇಕಾದರೆ ಶಿಕ್ಷಕರ ಅನುಮತಿ ಬೇಕು.