ಒಲೆ ಲೆಕ್ಕ

2020ರ ಮಾರ್ಚ್ 24ರ ರಾತ್ರಿ ಎಂಟು ಗಂಟೆಗೆ ಪ್ರಧಾನಿ ಟಿವಿಯಲ್ಲಿ 21 ದಿನದ ಲಾಕ್‌ಡೌನ್ ಘೋಷಿಸಿದರು. ಒಂಬತ್ತೂವರೆಗೆಲ್ಲ ನನಗೆ ಮೊದಲ ಫೋನ್ ಬಂತು. ‘ಸರ್, ಶೆಡ್ಡಿನಲ್ಲಿ ಅರವತ್ತು ಜನ ಇದೀವಿ. ನಾಳೆಯಿಂದ ಕೆಲಸ ಇಲ್ಲ ಅಂದ್ರು ಮೇಸ್ತ್ರಿ. ಊಟಕ್ಕೇನು ಮಾಡೋದು?’

ನಾನು ಬೆಂಗಳೂರಿನ ಒಂದು ಸಣ್ಣ ಸೇವಾ ಸಂಸ್ಥೆಯಲ್ಲಿ ಪರಿಹಾರ ಸಾಮಗ್ರಿ ಹಂಚುವ ಕೆಲಸ ನೋಡಿಕೊಳ್ಳುತ್ತೇನೆ. ಹಿಂದಿನ ವರ್ಷವಷ್ಟೇ ಬೆಳಗಾವಿ, ಬಾಗಲಕೋಟೆಯ ನೆರೆಗೆ ಹೋಗಿ ಬಂದಿದ್ದೆವು. ಹಾಗಾಗಿ ನಮಗೆ ಕೆಲಸ ಗೊತ್ತಿದೆ ಅನ್ನುವ ಧೈರ್ಯ ಇತ್ತು. ಆದರೆ ನೆರೆಯಲ್ಲಿ ಸಂತ್ರಸ್ತರನ್ನು ಹುಡುಕಬೇಕಾಗಿಲ್ಲ. ಗಂಜಿ ಕೇಂದ್ರಕ್ಕೆ ಹೋದರೆ ಎಲ್ಲರೂ ಅಲ್ಲೇ ಇರುತ್ತಾರೆ. ಲಾಕ್‌ಡೌನಿನಲ್ಲಿ ಹಸಿದವರೆಲ್ಲ ಬಾಗಿಲು ಹಾಕಿಕೊಂಡು ಒಳಗಿದ್ದರು. ಹೊರಗೆ ಬಂದರೆ ಲಾಠಿ.

ದುಡ್ಡಿಗೆ ಅಷ್ಟೇನೂ ತೊಂದರೆ ಆಗಲಿಲ್ಲ, ಜನ ಕೇಳಿದ್ದಕ್ಕಿಂತ ಜಾಸ್ತಿ ಕೊಟ್ಟರು. ಯಶವಂತಪುರದ ಸಗಟು ಮಾರುಕಟ್ಟೆ ಯಾರ್ಡಿನಲ್ಲಿ ಅಕ್ಕಿ, ಬೇಳೆ ಸಿಕ್ಕಿತು. ಟೆಂಪೊಗೆ ಪೊಲೀಸ್ ಪಾಸ್ ಮಾಡಿಸಲು ಎರಡು ದಿನ ಓಡಾಡಿದ್ದಾಯಿತು. ನಮ್ಮನ್ನು ನಿಜವಾಗಿ ಸುಸ್ತು ಮಾಡಿದ್ದು ಪಟ್ಟಿ. ಯಾರಿಗೆ ಕೊಡಬೇಕು ಅನ್ನುವ ಪಟ್ಟಿ.

ಸರ್ಕಾರದ ಹತ್ತಿರ ಪಟ್ಟಿಗಳಿದ್ದವು. ಪ್ರಧಾನಮಂತ್ರಿ ಗರೀಬ್ ಕಲ್ಯಾಣ್ ಅನ್ನ ಯೋಜನೆಯಲ್ಲಿ ಏಪ್ರಿಲಿನಿಂದ ತಲೆಗೆ 5 ಕೆ.ಜಿ. ಧಾನ್ಯ, ಕುಟುಂಬಕ್ಕೆ 1 ಕೆ.ಜಿ. ಬೇಳೆಕಾಳು ಉಚಿತ. ಆದರೆ ರೇಷನ್ ಕಾರ್ಡ್ ಬೇಕು. ರಾಜ್ಯ ಸರ್ಕಾರ ಕಟ್ಟಡ ಕಾರ್ಮಿಕರ ಖಾತೆಗೆ ಮೊದಲು 2,000, ಆಮೇಲೆ ಮತ್ತೆ 3,000 ರೂಪಾಯಿ ಹಾಕಿತು. ಅದಕ್ಕೆ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಣಿ ಆಗಿರಬೇಕು. ನಾನು ನೋಡಿದ ಶೆಡ್ಡುಗಳಲ್ಲಿ ರೇಷನ್ ಕಾರ್ಡ್ ಊರಲ್ಲಿ ಅತ್ತೆಯ ಟ್ರಂಕಿನೊಳಗಿತ್ತು. ಆ ಮಂಡಳಿ ಕೊಡುವ ಲೇಬರ್ ಕಾರ್ಡ್ ಅಂದರೆ ಏನು ಅಂತ ಎಷ್ಟೋ ಜನಕ್ಕೆ ಗೊತ್ತೇ ಇರಲಿಲ್ಲ. ಸಿಕ್ಕಿಹಾಕಿಕೊಂಡ ಕಾರ್ಮಿಕರ ಫೋನ್ ಎತ್ತುತ್ತಿದ್ದ ‘ಸ್ವಾನ್’ ಅನ್ನುವ ಸ್ವಯಂಸೇವಕರ ಜಾಲ ಏಪ್ರಿಲ್ ಮಧ್ಯದಲ್ಲಿ ವರದಿ ಕೊಟ್ಟಿತು. ಅವರು 11,159 ಕಾರ್ಮಿಕರ ಜೊತೆ ಮಾತಾಡಿದ್ದರು. ನೂರಕ್ಕೆ 96 ಮಂದಿಗೆ ಸರ್ಕಾರಿ ರೇಷನ್ ಸಿಕ್ಕಿರಲಿಲ್ಲ. ಅರ್ಧದಷ್ಟು ಜನರ ಹತ್ತಿರ ಒಂದು ದಿನಕ್ಕೂ ಸಾಲುವಷ್ಟು ದಿನಸಿ ಇರಲಿಲ್ಲ. ಕಾರ್ಡಿಲ್ಲದ ವಲಸಿಗರಿಗೂ ಧಾನ್ಯ ಅಂತ ಕೇಂದ್ರ ಹೇಳಿದ್ದು ಮೇ 14ಕ್ಕೆ. ಅಷ್ಟರಲ್ಲಿ ಲಾಕ್‌ಡೌನ್ ಶುರುವಾಗಿ 51 ದಿನ ಆಗಿತ್ತು.

ನಮ್ಮ ಮೊದಲ ಪಟ್ಟಿಯೂ ದಂಡವಾಯಿತು, ಹೇಳಿಬಿಡುತ್ತೇನೆ. ಒಬ್ಬ ಮೇಸ್ತ್ರಿ ಆಧಾರ್ ನಂಬರ್ ಸಮೇತ ಹೆಸರು ಬರೆಸಿ ವಾಟ್ಸ್ಆ್ಯಪ್ ಮಾಡಿದ. ಅಚ್ಚುಕಟ್ಟಾಗಿತ್ತು. ದಿನಸಿ ಕಿಟ್ ಹಂಚಿ ಮುಗಿಸಿ ವಾಪಸ್ ಹೊರಟಾಗ ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಬಂದು ಟೆಂಪೊ ಅಡ್ಡಗಟ್ಟಿದಳು. ಅವಳ ಗಂಡ ಬೇರೆ ಮೇಸ್ತ್ರಿಯ ಕೈಕೆಳಗೆ ಕೆಲಸ ಮಾಡುವವನು. ಆ ಇಡೀ ಸಾಲು ಪಟ್ಟಿಯಲ್ಲೇ ಇರಲಿಲ್ಲ. ಇನ್ನೊಂದು ಕಡೆ ಒಂದೇ ಕುಟುಂಬದಲ್ಲಿ ನಾಲ್ಕು ಆಧಾರ್ ಅಂತ ನಾಲ್ಕು ಕಿಟ್ ಹೋಗಿತ್ತು.

ಆವತ್ತು ರಾತ್ರಿ ಕೂತು ನಿಯಮ ಬದಲಾಯಿಸಿದೆವು. ತಲೆ ಎಣಿಸಬೇಡ, ಆಧಾರ್ ಕೇಳಬೇಡ. ಒಲೆ ಎಣಿಸು. ಒಂದು ಒಲೆ ಅಂದರೆ ಒಂದು ಮನೆ. ಒಂದು ರೂಮಿನಲ್ಲಿ ಆರು ಜನ ಬ್ಯಾಚುಲರ್ ಹುಡುಗರು ಒಟ್ಟಿಗೆ ಬೇಯಿಸಿಕೊಳ್ಳುತ್ತಾರಾ? ಒಂದು ಒಲೆ. ಒಂದೇ ಶೆಡ್ಡಿನಲ್ಲಿ ಅಣ್ಣ ತಮ್ಮ ಬೇರೆ ಬೇರೆ ಅಡುಗೆ ಮಾಡುತ್ತಾರಾ? ಎರಡು ಒಲೆ. ಹಂಚುವ ಹಿಂದಿನ ದಿನ ಇಬ್ಬರು ಹೋಗಿ ಸಾಲು ಸಾಲು ನಡೆದು, ಬಾಗಿಲಿಗೆ ಸೀಮೆಸುಣ್ಣದಲ್ಲಿ ನಂಬರ್ ಹಾಕಿ ಬರಬೇಕು. ಕೇಳುವುದು ಮೂರೇ ಪ್ರಶ್ನೆ. ಈ ಒಲೆಯಲ್ಲಿ ಎಷ್ಟು ಜನ ಉಣ್ಣುತ್ತೀರಿ? ರೇಷನ್ ಕಾರ್ಡ್ ಇಲ್ಲಿದೆಯೋ ಊರಲ್ಲಿದೆಯೋ? ಈಗ ಡಬ್ಬದಲ್ಲಿ ಏನಿದೆ?

ಮೂರನೆಯದನ್ನು ಕೇಳಲು ನಮ್ಮ ಹುಡುಗರಿಗೆ ಮುಜುಗರ. ಆದರೆ ಜನ ಸುಮ್ನೆ ಡಬ್ಬ ತಂದು ತೋರಿಸುತ್ತಿದ್ದರು.

ಒಲೆ ನೋಡಲು ಹೋಗಿದ್ದಕ್ಕೆ ಇನ್ನೂ ಒಂದು ಲಾಭ ಆಯಿತು. ಮುನ್ನೇಕೊಳಾಲದ ಹತ್ತಿರ ನೀಲಿ ಟಾರ್ಪಾಲಿನ್ ಶೆಡ್ಡುಗಳ ಒಂದು ಸಾಲಿನಲ್ಲಿ ಯಾದಗಿರಿ ಕಡೆಯ ಅಮ್ಮ ಒಬ್ಬರು ಕಿಟ್ ತೆಗೆದುಕೊಂಡು, ಮೂಲೆಯಲ್ಲಿದ್ದ ಚಿಕ್ಕ ಸಿಲಿಂಡರನ್ನು ಕಾಲಿನಿಂದ ನೂಕಿದರು. ಅದು ಉರುಳಿತು, ಟಣ್ ಅಂತ ಖಾಲಿ ಸದ್ದು. ‘ಅಕ್ಕಿ ಕೊಟ್ರಿ ಸರ, ಕುದಸೂದು ಹ್ಯಾಂಗ್ರಿ?’ ಕೆ.ಜಿ. ಲೆಕ್ಕದಲ್ಲಿ ಗ್ಯಾಸ್ ತುಂಬಿಕೊಡುವ ಅಂಗಡಿಗಳು ಮುಚ್ಚಿದ್ದವು. ನಮ್ಮಲ್ಲಿ ಯಾರಿಗೂ ಅದು ಹೊಳೆದಿರಲಿಲ್ಲ. ಮನೆಯಲ್ಲಿ ದೊಡ್ಡ ಸಿಲಿಂಡರ್ ಇರುವವರು ಮಾಡಿದ ಕಿಟ್ ಅದು, ಹೊಳೆಯುವುದಾದರೂ ಹೇಗೆ! ಮರುದಿನದಿಂದ ಟೆಂಪೊದಲ್ಲಿ ಸೌದೆಯೂ ಹೋಯಿತು. ನಿಂತುಹೋದ ಕಟ್ಟಡದ ಸೆಂಟ್ರಿಂಗ್ ಹಲಗೆಯ ಚೂರುಗಳನ್ನು ಕೇಳಿ ತಂದಿದ್ದು.

ಕಿಟ್ ಒಳಗೆ ಏನಿರಬೇಕು ಅನ್ನುವುದೂ ಒಲೆಯ ಮುಂದೆಯೇ ಗೊತ್ತಾಗಿದ್ದು. ನಮ್ಮದು 10 ಕೆ.ಜಿ. ಸೋನಾ ಮಸೂರಿ, 2 ಕೆ.ಜಿ. ತೊಗರಿಬೇಳೆ, 1 ಲೀಟರ್ ಎಣ್ಣೆ, ಉಪ್ಪು, ಖಾರದಪುಡಿ, ಅರಿಶಿನ, ಸೋಪು. ‘15 ದಿನದ ಕಿಟ್’ ಅಂತ ಚೀಟಿ ಅಂಟಿಸಿದ್ದೆವು. ಮೈಮುರಿದು ದುಡಿಯುವವರಿಗೆ ದಿನಕ್ಕೆ 400 ಗ್ರಾಂ ಅಕ್ಕಿ ಲೀಲಾಜಾಲವಾಗಿ ಬೇಕು. ನಾಲ್ಕು ಜನ ಇದ್ದರೆ 1.6 ಕೆ.ಜಿ. ಅಲ್ಲಿಗೆ ಹತ್ತು ಕೆ.ಜಿ. ಆರು ದಿನಕ್ಕೆ ಖಾಲಿ. ತರಕಾರಿ ಇಲ್ಲ, ಹಾಲಿಲ್ಲ, ಇನ್ನೇನು ತಿನ್ನುತ್ತಾರೆ, ಅನ್ನವೇ ಅಲ್ವಾ? ಚೀಟಿ ಕಿತ್ತು ಹಾಕಿ, ವಾರಕ್ಕೊಮ್ಮೆ ಬರುತ್ತೇವೆ ಅಂತ ಹೇಳಿದೆವು. ಬಂಗಾಳದ ಹುಡುಗರು ಕುಸುಬಲಕ್ಕಿ, ಆಲೂಗಡ್ಡೆ, ಸಾಸಿವೆ ಎಣ್ಣೆ ಕೇಳಿದರು. ಕಲಬುರಗಿ, ರಾಯಚೂರಿನವರು ಜೋಳದ ಹಿಟ್ಟು ಕೇಳಿದರು. ‘ಕಷ್ಟಕಾಲದಲ್ಲಿ ಇದೆಲ್ಲ ಬೇಕಾ?’ ಅಂತ ದಾನಿಯೊಬ್ಬರು ಗೊಣಗಿದರು. ಮೂರು ವಾರ ಒಂದೇ ಸಮನೆ ಅಭ್ಯಾಸವಿಲ್ಲದ್ದನ್ನು ತಿಂದರೆ ಮಕ್ಕಳ ಹೊಟ್ಟೆ ಕೆಡುತ್ತದೆ, ಕ್ಲಿನಿಕ್ ಬೇರೆ ಮುಚ್ಚಿದೆ ಅಂತ ಹೇಳಬೇಕಾಯಿತು.

ಒಲೆಯೇ ಇಲ್ಲದವರ ಕಥೆ ಬೇರೆ. ಬಸ್ ಸ್ಟ್ಯಾಂಡಿನಲ್ಲಿ ಉಳಿದವರು, ಹೋಟೆಲಿನಲ್ಲೇ ಉಂಡು ಮಲಗುತ್ತಿದ್ದ ಸಪ್ಲೈಯರ್‌ಗಳು. ಅವರಿಗೆ ಊಟದ ಪೊಟ್ಟಣವೇ ಆಗಬೇಕು. ಶಾಲೆ ಮುಚ್ಚಿದ್ದರಿಂದ ಮಕ್ಕಳಿಗೆ ಬಿಸಿಯೂಟ ಮಾಡುವ ಅಕ್ಷಯ ಪಾತ್ರದಂಥ ದೊಡ್ಡ ಅಡುಗೆಮನೆಗಳು ಈ ಕಡೆ ತಿರುಗಿದ್ದು ಬಹಳ ಉಪಕಾರವಾಯಿತು. ನಮ್ಮಂಥ ಸಣ್ಣವರು ಅಡುಗೆಗೆ ಕೈ ಹಾಕದಿರುವುದೇ ಮೇಲು. ಏಪ್ರಿಲ್ ಸೆಕೆಗೆ ಬೆಳಗ್ಗೆ ಕಟ್ಟಿದ ಅನ್ನ ಸಾಂಬಾರು ಮಧ್ಯಾಹ್ನಕ್ಕೆ ಹಳಸಿರುತ್ತದೆ. ಚಿತ್ರಾನ್ನ, ಪುಳಿಯೋಗರೆ ಆದರೆ ಸ್ವಲ್ಪ ತಡೆಯುತ್ತದೆ.

ಫೋಟೊ ವಿಷಯಕ್ಕೆ ಒಂದೇ ಮಾತು. ಮೂಟೆಗಳ ಫೋಟೊ ತೆಗೆಯಿರಿ, ಬಿಲ್ ಫೋಟೊ ತೆಗೆಯಿರಿ. ಕೈ ಚಾಚಿದವರದ್ದು ಬೇಡ.

2021ರ ಏಪ್ರಿಲ್ ಕೊನೆಯಲ್ಲಿ ಮತ್ತೆ ಎಲ್ಲ ಮುಚ್ಚಿದಾಗ ನಮ್ಮ ಹತ್ತಿರ ಹಳೇ ಒಲೆ ಪಟ್ಟಿ ಇತ್ತು. ಜಂಬದಿಂದ ತೆಗೆದು ಫೋನ್ ಹಚ್ಚಿದೆವು. ಶೆಡ್ಡಿನವರ ಫೋನ್ ನಂಬರುಗಳಲ್ಲಿ ಬಹಳಷ್ಟು ಸ್ವಿಚ್ ಆಫ್. ಎತ್ತಿದವರು ಊರಲ್ಲಿದ್ದರು. ಹಿಂದಿನ ಸಲದ ಪಾಠ ಅವರು ಮರೆತಿರಲಿಲ್ಲ, ಮೊದಲೇ ಬಸ್ ಹತ್ತಿದ್ದರು. ಈ ಸಲ ಕಷ್ಟಕ್ಕೆ ಬಿದ್ದವರು ಬಾಡಿಗೆ ಮನೆಯವರು. ಮನೆಕೆಲಸದ ಹೆಂಗಸರು, ಇಸ್ತ್ರಿ ಅಂಗಡಿಯವರು, ಆಟೊ ಡ್ರೈವರುಗಳು. ರೇಷನ್ ಕಾರ್ಡ್ ಇತ್ತು, ಅಕ್ಕಿ ಬರುತ್ತಿತ್ತು. ಮನೆಯಲ್ಲಿ ಒಬ್ಬರಿಗೆ ಪಾಸಿಟಿವ್ ಬಂದರೆ ಉಳಿದವರ ದುಡಿಮೆಯೂ ನಿಂತು, ಬಾಡಿಗೆ, ಔಷಧಿಗೆ ಕಾಸಿರುತ್ತಿರಲಿಲ್ಲ. ಅವರ್ಯಾರೂ ಟೆಂಪೊ ಹತ್ತಿರ ಬರುವವರಲ್ಲ.

ಸೀಮೆಸುಣ್ಣ ಹಿಡಿದು ಮತ್ತೆ ಮೊದಲಿನಿಂದ ಶುರು ಮಾಡಿದೆವು. ಪ್ರಶ್ನೆಗಳಲ್ಲಿ ಮೂರನೆಯದನ್ನು ಮಾತ್ರ ಬದಲಾಯಿಸಿದೆವು. ‘ಡಬ್ಬದಲ್ಲಿ ಏನಿದೆ’ ಅನ್ನುವ ಜಾಗಕ್ಕೆ ‘ಈ ತಿಂಗಳ ಬಾಡಿಗೆ ಕಟ್ಟಿದ್ರಾ ಅಕ್ಕಾ?’ ಬಂತು.