ಹಾಲಿನ ಡೈರಿಯಲ್ಲಿ ಕೂತಿದ್ದನ್ನು ಯಾಕೆ ಮುಚ್ಚಿಡ್ತೀರಿ?

ಮೈಸೂರಿನಲ್ಲಿ ಕಾಲೇಜು ಎಲ್ಲಿದೆಯೋ ಅಲ್ಲೊಂದು ಜೆರಾಕ್ಸ್ ಅಂಗಡಿ ಇರುತ್ತದೆ. ಆ ಅಂಗಡಿಯ ಕಂಪ್ಯೂಟರಿನಲ್ಲಿ ಒಂದು ರೆಸ್ಯೂಮ್ ಇರುತ್ತದೆ. ಅದನ್ನೇ ತೆಗೆದು, ಹೆಸರು ಬದಲಾಯಿಸಿ, ಊರು ಬದಲಾಯಿಸಿ, ಹತ್ತು ಕಾಪಿ ಹೊಡೆದು ಕೊಡುತ್ತಾರೆ. ಹಾಗಾಗಿ ನನ್ನ ಮೇಜಿಗೆ ಬರುವವರೆಲ್ಲ ಹಾರ್ಡ್ ವರ್ಕಿಂಗ್, ಎಲ್ಲರೂ ಕ್ವಿಕ್ ಲರ್ನರ್, ಎಲ್ಲರಿಗೂ ಹಾಡು ಕೇಳೋದು ಮತ್ತು ಕ್ರಿಕೆಟ್ ಆಡೋದೇ ಹವ್ಯಾಸ. ಒಬ್ಬ ಹುಡುಗನ ರೆಸ್ಯೂಮಿನಲ್ಲಿ ಅಪ್ಪನ ಹೆಸರಿನ ಜಾಗದಲ್ಲಿ ಬೇರೆ ಯಾರದೋ ಅಪ್ಪ ಇದ್ದರು. ಅಂಗಡಿಯವನು ಅದೊಂದನ್ನು ಬದಲಾಯಿಸಲು ಮರೆತಿದ್ದ. ಹುಡುಗ ಓದಿಯೇ ಇರಲಿಲ್ಲ.

ಹೆಬ್ಬಾಳ, ಹೂಟಗಳ್ಳಿ, ಕೂರ್ಗಳ್ಳಿ ಕಡೆಯ ಕಾರ್ಖಾನೆಗಳಲ್ಲಿ ವರ್ಷಗಟ್ಟಲೆ ಎಚ್‌ಆರ್ ಕೆಲಸ ಮಾಡಿ, ಈಗ ಸಣ್ಣಪುಟ್ಟ ಕಂಪನಿಗಳಿಗೆ ಜನ ಹುಡುಕಿಕೊಡುತ್ತೇನೆ. ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಳ್ಳಿ, ಟೈಮಿಗೆ ಮುಂಚೆ ಬನ್ನಿ, ಫೋನ್ ಸೈಲೆಂಟ್ ಮಾಡಿ ಅಂತೆಲ್ಲ ಇಲ್ಲಿ ಹೇಳುವುದಿಲ್ಲ. ಅದು ನಿಮಗೂ ಗೊತ್ತು. ನನ್ನ ತಲೆ ಕೆಡಿಸುವುದು ಬೇರೆಯದೇ ಒಂದು ವಿಷಯ.

ನಮ್ಮ ಮಂಡ್ಯ, ಮೈಸೂರು ಕಡೆಯ ಹುಡುಗರು, ಹುಡುಗಿಯರು ತಾವು ನಿಜವಾಗಿ ಮಾಡಿದ ಕೆಲಸವನ್ನು ಮುಚ್ಚಿಡುತ್ತಾರೆ. ಮಾಡದೇ ಇರುವುದನ್ನು ಬರೆಯುತ್ತಾರೆ ಅನ್ನುವುದು ಹಳೆಯ ದೂರು. ಇದು ಅದಕ್ಕೆ ಪೂರ್ತಿ ಉಲ್ಟಾ, ಮತ್ತು ನನಗೆ ಇದೇ ಜಾಸ್ತಿ ಹೊಟ್ಟೆ ಉರಿಸುತ್ತದೆ.

ಮದ್ದೂರು ಕಡೆಯ ಒಬ್ಬ ಹುಡುಗ ಬಂದಿದ್ದ. ಬಿಎಸ್‌ಸಿ, ಕೆಮಿಸ್ಟ್ರಿ ಇತ್ತು. ನಂಜನಗೂಡು ಕಡೆಯ ಒಂದು ಫುಡ್ ಫ್ಯಾಕ್ಟರಿಯಲ್ಲಿ ಕ್ಯೂಸಿ ಲ್ಯಾಬಿಗೆ, ಅಂದರೆ ಗುಣಮಟ್ಟ ಪರೀಕ್ಷೆ ಮಾಡುವ ಕಡೆಗೆ, ಜನ ಬೇಕಾಗಿತ್ತು. ರೆಸ್ಯೂಮ್ ಅದೇ ಜೆರಾಕ್ಸ್ ಅಂಗಡಿಯದು. ಅನುಭವ ಅನ್ನುವ ಕಡೆ ಫ್ರೆಶರ್ ಅಂತಿತ್ತು.

"ಡಿಗ್ರಿ ಮುಗಿದು ಎರಡು ವರ್ಷ ಆಯ್ತಲ್ಲಪ್ಪ, ಏನು ಮಾಡ್ತಿದ್ದೆ?"

"ಸುಮ್ನೆ ಮನೇಲೇ ಇದ್ದೆ ಮೇಡಂ."

"ಸುಮ್ನೆ ಅಂದ್ರೆ?"

"ಊರಲ್ಲಿ ಡೈರಿ ಐತೆ ಮೇಡಂ. ಬೆಳಿಗ್ಗೆ, ಸಾಯಂಕಾಲ ಹಾಲು ಅಳೀತಿದ್ದೆ, ಅಷ್ಟೆ."

"ಅಳೆಯೋದು ಅಷ್ಟೇನಾ?"

"ಟೆಸ್ಟಿಂಗೂ ನಾನೇ ಮಾಡ್ತಿದ್ದೆ."

ಆಮೇಲೆ ಒಂದೊಂದೇ ಎಳೆದು ತೆಗೆಯಬೇಕಾಯ್ತು. ಹಾಲು ಹಾಕುವ ಪ್ರತಿ ಮನೆಯ ಸ್ಯಾಂಪಲ್ ತೆಗೆಯುವುದು, ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಗಟ್ಟಿ ಅಂಶ) ನೋಡುವುದು, ರಿಜಿಸ್ಟರಿಗೆ ಹಾಕುವುದು, ಮಿಷನ್ ತೊಳೆದಿಡುವುದು. ಕರೆಂಟ್ ಹೋದಾಗ ಹಾಲಿನ ಸಾಂದ್ರತೆ ನೋಡುವ ಲ್ಯಾಕ್ಟೋಮೀಟರ್ ಹಿಡಿಯುತ್ತಿದ್ದನಂತೆ. "ಹಾಲು ಬೆಚ್ಚಗಿದ್ರೆ ರೀಡಿಂಗ್ ಕಮ್ಮಿ ಬತ್ತದೆ ಮೇಡಂ, ಟೆಂಪರೇಚರ್ ನೋಡ್ಕಂಡು ಸರಿ ಮಾಡ್ಕಬೇಕು" ಅಂದ. ಫ್ಯಾಟ್ ಕಮ್ಮಿ ಬಂತು ಅಂತ ಯಾರಾದರೂ ಜಗಳಕ್ಕೆ ನಿಂತರೆ ಏನು ಮಾಡ್ತಿದ್ದೆ ಅಂತ ಕೇಳಿದೆ. ಅವರ ಎದುರಿಗೇ ಕ್ಯಾನು ಚೆನ್ನಾಗಿ ಕಲಸಿ, ಇನ್ನೊಂದು ಸ್ಯಾಂಪಲ್ ತೆಗೆದು, ಮಿಷನ್ನಿನಲ್ಲಿ ಬಂದ ನಂಬರ್ ಅವರಿಂದಲೇ ಓದಿಸುತ್ತಿದ್ದನಂತೆ. ಒಂದು ಸಲ ಜಗಳ ತೆಗೆದವರು ಅವನ ಸ್ವಂತ ದೊಡ್ಡಪ್ಪ.

ಈಗ ನೀವೇ ಹೇಳಿ. ಫುಡ್ ಫ್ಯಾಕ್ಟರಿಯ ಲ್ಯಾಬಿನಲ್ಲಿ ಇನ್ನೇನಿರುತ್ತದೆ? ಸ್ಯಾಂಪಲ್ ಸರಿಯಾಗಿ ತೆಗೆಯಬೇಕು, ಟೆಸ್ಟ್ ಮಾಡಬೇಕು, ಬಂದದ್ದನ್ನು ಬಂದಹಾಗೇ ಬರೆಯಬೇಕು, ಪ್ರೊಡಕ್ಷನ್ನಿನವರು ಬಂದು ಕೂಗಾಡಿದರೂ ನಂಬರ್ ಬದಲಾಯಿಸಬಾರದು. ದೊಡ್ಡಪ್ಪನ ಮುಂದೆಯೇ ಬಗ್ಗದವನು ಶಿಫ್ಟ್ ಸೂಪರ್‌ವೈಸರ್ ಮುಂದೆ ಬಗ್ಗುತ್ತಾನಾ? ಆದರೆ ಕಾಗದದಲ್ಲಿ ಇದ್ದದ್ದು ಫ್ರೆಶರ್.

ಯಾಕಪ್ಪ ಬರೀಲಿಲ್ಲ ಅಂದರೆ, "ಅದೇನ್ ಕೆಲ್ಸ ಮೇಡಂ, ಊರಲ್ಲಿ ಮಾಡಿದ್ದು" ಅಂದ. ಅವನ ತಂದೆ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಅವರೂ ಒಳಗೆ ಬಂದು ಹೇಳಿದ್ದು ಅದನ್ನೇ: "ಹಾಲು ಅಳೀತಿದ್ದ ಅಂತ ಬರೆದ್ರೆ ಓದ್ಸಿದ್ದು ದಂಡ ಅನ್ಕತರೆ ಕಣವ್ವ."

ಇದೇ ಈ ಕಾಯಿಲೆಯ ಬೇರು. ಸಂಬಳದ ಚೀಟಿ ಕೊಟ್ಟರೆ ಮಾತ್ರ ಕೆಲಸ, ಎಸಿ ರೂಮಿದ್ದರೆ ಮಾತ್ರ ಅನುಭವ ಅಂದುಕೊಂಡಿದ್ದೇವೆ. ಆಲೆಮನೆಯಲ್ಲಿ ಲೆಕ್ಕ ಬರೆದವನು ಅದನ್ನು ಹೇಳುವುದಿಲ್ಲ. ಒಂದು ಟನ್ ಕಬ್ಬಿಗೆ ಸುಮಾರು 100 ಕೆಜಿ ಬೆಲ್ಲ ಬೀಳಬೇಕು, ಕಮ್ಮಿ ಬಂದರೆ ಕಬ್ಬು ಬಲಿತಿಲ್ಲವೋ, ಕಡಿದು ಎರಡು ಮೂರು ದಿನ ಬಿಸಿಲಿಗೆ ಬಿದ್ದಿತ್ತೋ, ಗಾಣ ಸರಿಯಾಗಿ ಹಿಂಡುತ್ತಿಲ್ಲವೋ ಅಂತ ನೋಡುವುದು ಅವನಿಗೆ ನಿದ್ದೆಯಲ್ಲಿ ಕೇಳಿದರೂ ಗೊತ್ತು. ಕಾರ್ಖಾನೆಯ ಪ್ರೊಡಕ್ಷನ್ ಪ್ಲಾನಿಂಗಿನಲ್ಲಿ ಇದನ್ನೇ ಯೀಲ್ಡ್ ಅನ್ನುತ್ತಾರೆ. ದಸರಾ ವಸ್ತುಪ್ರದರ್ಶನದಲ್ಲಿ ದೊಡ್ಡಕೆರೆ ಮೈದಾನದ ಧೂಳು ಕುಡಿಯುತ್ತಾ ಸೀಸನ್ ಪೂರ್ತಿ ಸ್ಟಾಲಿನಲ್ಲಿ ನಿಂತ ಹುಡುಗಿ ಶೋರೂಮ್ ಇಂಟರ್‌ವ್ಯೂನಲ್ಲಿ "ಸೇಲ್ಸ್ ಅನುಭವ ಇಲ್ಲ" ಅನ್ನುತ್ತಾಳೆ. ಸ್ತ್ರೀಶಕ್ತಿ ಸಂಘದ ಪುಸ್ತಕವನ್ನು ವರ್ಷಾನುಗಟ್ಟಲೆ ಒಬ್ಬಳೇ ಬರೆದ, ವಾರದ ಉಳಿತಾಯ, ಸಾಲ, ಬಡ್ಡಿ ಎಲ್ಲ ಬಾಯಲ್ಲೇ ಹೇಳುವ ಹೆಂಗಸು ಗಾರ್ಮೆಂಟ್ಸಿನ ಸ್ಟೋರ್ಸ್ ಕೆಲಸಕ್ಕೆ ಬಂದು, ಮದುವೆ ಆದಮೇಲೆ ಮನೆಯಲ್ಲೇ ಇದ್ದೆ ಅನ್ನುತ್ತಾರೆ. ಬ್ಯಾಂಕಿನ ಮ್ಯಾನೇಜರ್ ಜೊತೆ ಸಾಲಕ್ಕೆ ಮಾತಾಡಿದವರು ಇವರೇ! ನನಗೆ ಒಂದೊಂದು ಸಲ ಮೇಜು ಕುಟ್ಟಬೇಕು ಅನಿಸುತ್ತದೆ.

ಎದುರಿಗೆ ಕೂತವರ ಕಡೆಯಿಂದ ಸ್ವಲ್ಪ ನೋಡಿ. ಅವರ ಕೈಯಲ್ಲಿರುವುದು ಹೆಚ್ಚೆಂದರೆ ಕಾಲು ಗಂಟೆ. ಹೊರಗೆ ಇನ್ನೂ ಜನ ಕಾಯುತ್ತಿರುತ್ತಾರೆ. ಅಷ್ಟರಲ್ಲಿ ಅವರು ಊಹೆ ಮಾಡಬೇಕಾದದ್ದು ಮುಖ್ಯವಾಗಿ ಎರಡು. ಈ ಮನುಷ್ಯ ದಿನಾ ಬರುತ್ತಾನಾ? ಏನಾದರೂ ಕೆಟ್ಟರೆ ಬಂದು ಹೇಳುತ್ತಾನಾ, ಮುಚ್ಚಿಡುತ್ತಾನಾ? ಸಿನ್ಸಿಯರ್ ಅಂತ ಬರೆದರೆ ಇದಕ್ಕೆ ಉತ್ತರ ಸಿಗುವುದಿಲ್ಲ, ಯಾಕೆಂದರೆ ಸಿನ್ಸಿಯರ್ ಅಲ್ಲದವನೂ ಅದನ್ನೇ ಬರೆದಿರುತ್ತಾನೆ. ಮಳೆ ಇರಲಿ, ಊರಹಬ್ಬ ಇರಲಿ, ಬೆಳಿಗ್ಗೆ ಆರಕ್ಕೆ ಡೈರಿ ಬಾಗಿಲು ತೆಗೆಯುತ್ತಿದ್ದೆ ಅಂದರೆ ಸಿಗುತ್ತದೆ. ಹಸುವಿಗೆ ಭಾನುವಾರ ರಜೆ ಇಲ್ಲ ಅನ್ನುವುದು ಎಚ್‌ಆರ್‌ಗೂ ಗೊತ್ತಿರುತ್ತದೆ.

ಬರೆಯುವುದು ಹೇಗೆ ಅಂತ ಕೇಳುತ್ತಾರೆ. ಎಷ್ಟು ಸಲ ಹೇಳಿದರೂ ಮತ್ತೆ ಅದೇ "ಒಳ್ಳೆಯ ಸಂಸ್ಥೆಯಲ್ಲಿ ನನ್ನ ಪ್ರತಿಭೆ" ಅನ್ನುವ ಸಾಲಿನಿಂದ ಶುರು ಮಾಡುತ್ತಾರೆ, ಅದಕ್ಕೇ ಇನ್ನೊಂದು ಸಲ ಹೇಳುತ್ತೇನೆ. ಎಲ್ಲಿ, ಎಷ್ಟು ದಿನ, ಎಷ್ಟು ಪ್ರಮಾಣ, ನಿಮ್ಮ ತಲೆಯ ಮೇಲೆ ಇದ್ದದ್ದು ಏನು. ಅಷ್ಟು ಸಾಕು. ಆ ಹುಡುಗನಿಗೆ ಬರೆಸಿದ್ದು ಹೆಚ್ಚುಕಮ್ಮಿ ಹೀಗೆ: "ನಮ್ಮೂರಿನ ಹಾಲು ಉತ್ಪಾದಕರ ಸಹಕಾರ ಸಂಘ, ಎರಡು ವರ್ಷ, ದಿನಕ್ಕೆ ಎರಡು ಹೊತ್ತು. ಸುಮಾರು ನೂರು ಮನೆಗಳ ಹಾಲಿನ ಸ್ಯಾಂಪಲ್ ತೆಗೆದು ಫ್ಯಾಟ್, ಎಸ್‌ಎನ್‌ಎಫ್ ಪರೀಕ್ಷೆ. ರಿಜಿಸ್ಟರ್ ಬರೆಯುವುದು, ಮಿಷನ್ ಸ್ವಚ್ಛತೆ." ಒಂದು ಹೊಗಳಿಕೆಯ ಪದವೂ ಇಲ್ಲ. ಓದಿದವರಿಗೆ ಮುಂದಿನ ಪ್ರಶ್ನೆ ತಾನಾಗಿ ಹುಟ್ಟುತ್ತದೆ, ಮತ್ತು ಆ ಪ್ರಶ್ನೆಗೆ ಉತ್ತರ ಇವನಿಗೆ ಬಾಯಿಪಾಠ ಮಾಡದೇ ಬರುತ್ತದೆ. ಬಾಯಲ್ಲಿ ಹೇಳಲು ಮಾತ್ರ ಇನ್ನೊಂದು ಇಟ್ಟುಕೊಂಡಿರಿ, ಕೆಲಸ ಕೆಟ್ಟ ಒಂದು ದಿನದ ಕಥೆ. ದೊಡ್ಡಪ್ಪನ ಜಗಳದಂಥದ್ದು. ಕನ್ನಡದಲ್ಲೇ ಹೇಳಿ, ಇಂಗ್ಲಿಷ್ ಕೇಳಿದರೆ ನಾಲ್ಕು ಸಣ್ಣ ವಾಕ್ಯದಲ್ಲಿ ಹೇಳುವಷ್ಟು ಮನೆಯಲ್ಲಿ ಅಭ್ಯಾಸ ಮಾಡಿರಿ. ಕೆಲಸ ಗೊತ್ತಿರುವವರ ಇಂಗ್ಲಿಷ್ ತಡವರಿಸಿದರೂ ನಡೆಯುತ್ತದೆ, ಕಾಲ್ ಸೆಂಟರ್ ಥರದ ಕಡೆ ಬಿಟ್ಟು.

ಅವನಿಗೆ ಕೆಲಸ ಸಿಕ್ಕಿತು. ಆದರೆ ಡೈರಿಯ ಕಾರಣಕ್ಕೇ ಸಿಕ್ಕಿತು ಅಂತ ನಾನು ಹೇಳಲಾರೆ. ಅಲ್ಲಿ ಆಗ ಜನ ಬೇಕಾಗಿತ್ತು, ಕೆಮಿಸ್ಟ್ರಿ ಇತ್ತು, ಕಂಪನಿ ಬಸ್ಸು ಹತ್ತುವ ಕಡೆ ಚಿಕ್ಕಮ್ಮನ ಮನೆ ಇತ್ತು. ಇವೆಲ್ಲ ಸೇರಿ ಆಗುವ ಕೆಲಸ.

ಇದನ್ನು ಓದಿ ಕೆಲವರು ಇನ್ನೊಂದು ತುದಿಗೆ ಹಾರುತ್ತಾರೆ, ಅದಕ್ಕೆ ಈಗಲೇ ಹೇಳಿಬಿಡುತ್ತೇನೆ. ಡೈರಿಯಲ್ಲಿ ಹಾಲು ಟೆಸ್ಟ್ ಮಾಡಿದ್ದನ್ನು "ಕ್ವಾಲಿಟಿ ಎಕ್ಸಿಕ್ಯುಟಿವ್" ಅಂತ ಬರೆಯಬೇಡಿ. ದುಡ್ಡು ಕೊಟ್ಟು ಅನುಭವದ ಪತ್ರ ತರುವುದಂತೂ ಬೇಡವೇ ಬೇಡ. ಪಿಎಫ್‌ನ ಯುಎಎನ್ ನಂಬರ್ ಒಬ್ಬರಿಗೆ ಒಂದೇ, 12 ಅಂಕಿಯದು. ಯಾವ ಕಂಪನಿಗೆ ಯಾವತ್ತು ಸೇರಿದಿರಿ, ಯಾವತ್ತು ಬಿಟ್ಟಿರಿ ಅನ್ನುವುದು ಅದರ ಸರ್ವಿಸ್ ಹಿಸ್ಟರಿಯಲ್ಲಿ ಕಾಣುತ್ತದೆ. ಎಲ್ಲ ಕಂಪನಿಯೂ ಅದನ್ನು ಕೇಳುತ್ತದೆ ಅಂತಲ್ಲ, ಆದರೆ ಕೇಳುವವರು ಜಾಸ್ತಿ ಆಗುತ್ತಿದ್ದಾರೆ. ಇನ್ನೊಂದು ಎಚ್ಚರಿಕೆ, ನಾನು ಹೇಳುತ್ತಿರುವುದು ಖಾಸಗಿ ಕೆಲಸದ ಮಾತು. ಸರ್ಕಾರಿ ನೇಮಕಾತಿಗೆ ಅಧಿಸೂಚನೆಯಲ್ಲಿ ಏನಿದೆಯೋ ಅದೇ ವೇದ, ಅಲ್ಲಿ ದೊಡ್ಡಪ್ಪನ ಕಥೆ ನಡೆಯುವುದಿಲ್ಲ.

ಸರ್ಕಾರಿ ಅಂದಾಗ ನೆನಪಾಯ್ತು. ಮುಚ್ಚಿಡುವವರಲ್ಲಿ ಇನ್ನೊಂದು ದೊಡ್ಡ ಗುಂಪಿದೆ, ಪರೀಕ್ಷೆಗೆ ಓದಿದವರು. ಸರಸ್ವತಿಪುರಂ, ಕುವೆಂಪುನಗರದ ರೂಮುಗಳಲ್ಲಿ ಮೂರು ನಾಲ್ಕು ಜನ ಸೇರಿ ಅನ್ನ ಬೇಯಿಸಿಕೊಂಡು, ಲೈಬ್ರರಿಯಲ್ಲಿ ಬೆಳಿಗ್ಗೆಯಿಂದ ರಾತ್ರಿವರೆಗೆ ಕೂತು ಪಿಡಿಒ, ಪಿಎಸ್‌ಐ, ಕೆಎಎಸ್ ಅಂತ ವರ್ಷ ಕಳೆದವರು. ಇಂಟರ್‌ವ್ಯೂನಲ್ಲಿ ಇವರು "ಪರ್ಸನಲ್ ಪ್ರಾಬ್ಲಂ ಇತ್ತು" ಅನ್ನುತ್ತಾರೆ. ಪರ್ಸನಲ್ ಪ್ರಾಬ್ಲಂ ಅಂದರೆ ಕೇಳುವವರ ತಲೆಯಲ್ಲಿ ಕಾಯಿಲೆ, ಕೇಸು, ಕುಡಿತ ಏನು ಬೇಕಾದರೂ ಓಡಬಹುದು. ನಿಜ ಹೇಳಿದರೆ ಇಷ್ಟು ಕೆಟ್ಟದಾಗಿ ಯಾರೂ ಊಹಿಸುವುದಿಲ್ಲ. 2021ರ ಅಕ್ಟೋಬರ್‌ನಲ್ಲಿ 545 ಪಿಎಸ್‌ಐ ಹುದ್ದೆಗೆ ಪರೀಕ್ಷೆ ನಡೆಯಿತು. ಅಕ್ರಮ ಹೊರಬಿದ್ದು 2022ರ ಏಪ್ರಿಲ್‌ನಲ್ಲಿ ರದ್ದಾಯಿತು. ಮರುಪರೀಕ್ಷೆ ಆಗಿದ್ದು 2024ರ ಜನವರಿಯಲ್ಲಿ. ಅದಕ್ಕೆ ಕಾದು ಕೂತವರ ವರ್ಷಗಳಿಗೆ ಅವರು ನಾಚಿಕೆಪಡಬೇಕಾ? ಪೇಪರ್ ಓದುವ ಯಾವ ಮ್ಯಾನೇಜರಿಗಾದರೂ ಇದು ಗೊತ್ತು.

ಕಂಪನಿಯವರಿಗೆ ಇಲ್ಲಿ ಇರುವ ಭಯ ಒಂದೇ, ಇವನು ಆರು ತಿಂಗಳಿಗೆ ಆರ್ಡರ್ ಬಂತು ಅಂತ ಬಿಟ್ಟು ಹೋಗುತ್ತಾನೆ ಅಂತ. ಓದು ನಿಲ್ಲಿಸಿದ್ದರೆ ನಿಲ್ಲಿಸಿದ್ದೇನೆ, ಯಾವಾಗಿನಿಂದ ಅಂತ ಹೇಳಿ. ಇನ್ನೂ ಬರೆಯುತ್ತಿದ್ದರೆ ನೀವಾಗಿ ಡಂಗುರ ಸಾರಬೇಕಾಗಿಲ್ಲ, ಕೇಳಿದರೆ ಮಾತ್ರ ಸುಳ್ಳು ಹೇಳಬೇಡಿ. ಇದರಿಂದ ಕೆಲವು ಕಡೆ ಕೆಲಸ ತಪ್ಪುತ್ತದೆ. ತಪ್ಪುವುದಿಲ್ಲ ಅಂತ ನಾನು ಮಾತು ಕೊಡಲಾರೆ.

"ಯಾವ ಕೆಲಸ ಆದ್ರೂ ಮಾಡ್ತೀನಿ ಮೇಡಂ" ಅನ್ನುವುದೂ ಇದರದ್ದೇ ತಮ್ಮ. ಅದನ್ನು ವಿನಯ ಅಂದುಕೊಂಡು ಹೇಳುತ್ತಾರೆ, ಪಾಪ. ಕೇಳುವವರಿಗೆ ಮಾತ್ರ ತರಕಾರಿ ಅಂಗಡಿಗೆ ಬಂದು ಏನಾದರೂ ಕೊಡಿ ಅಂದ ಹಾಗಾಗುತ್ತದೆ. ಸ್ಟೋರ್ಸ್ ಆಗುತ್ತದೆ, ಡಿಸ್‌ಪ್ಯಾಚ್ ಆಗುತ್ತದೆ, ನೈಟ್ ಶಿಫ್ಟ್ ತೊಂದರೆ ಇಲ್ಲ ಅಂತ ಎರಡು ಮೂರು ಹೆಸರು ಹೇಳಿ, ನನ್ನ ಕೆಲಸವೂ ಸುಲಭ ಆಗುತ್ತದೆ.

ಊರಿನ ಕೆಲಸ ಕೇಳಿ ನಗುವವರು ಇಲ್ಲವಾ? ಇದ್ದಾರೆ. ಒಬ್ಬ ಮ್ಯಾನೇಜರ್ ಆಲೆಮನೆ ಅಂದ ತಕ್ಷಣ "ಬೆಲ್ಲ ತಂದಿದ್ದೀಯಾ?" ಅಂತ ನಕ್ಕಿದ್ದು ನನ್ನ ಎದುರಿಗೇ. ಹುಡುಗ ತಲೆ ತಗ್ಗಿಸಿದ. ಅಂಥವರಿಗೆ ನನ್ನ ಹತ್ತಿರ ಔಷಧಿ ಇಲ್ಲ. ಅಲ್ಲಿಂದ ಎದ್ದು ಬಂದು ಪಕ್ಕದ ಗೇಟಿಗೆ ಹೋಗುವುದು. ಮೈಸೂರು ಸುತ್ತ ಗೇಟಿಗೇನು ಬರವಿಲ್ಲ.

ಕೊನೆಗೆ ಒಂದು ಸಣ್ಣ ವಿಷಯ, ಇದರಲ್ಲೇ ತುಂಬ ಜನ ಜಾರುತ್ತಾರೆ. ಊರಿನ ಕೆಲಸ ಬರೆದರೆ ವಿಚಾರಿಸಲು ಒಬ್ಬರ ಹೆಸರು, ಫೋನ್ ನಂಬರ್ ಕೊಡಬೇಕು. ಡೈರಿ ಸೆಕ್ರೆಟರಿಯೋ, ಸ್ಟಾಲಿನ ಓನರೋ, ಸಂಘದ ಅಧ್ಯಕ್ಷರೋ. ಕೊಡುವ ಮೊದಲು ಅವರಿಗೆ ಒಂದು ಮಾತು ತಿಳಿಸಿರಿ. ಮದ್ದೂರಿನ ಹುಡುಗ ತಿಳಿಸಿರಲಿಲ್ಲ. ನಾನು ಫೋನ್ ಮಾಡಿ, ನಿಮ್ಮ ಡೈರಿಯಲ್ಲಿ ಇಂಥ ಹುಡುಗ ಹಾಲು ಟೆಸ್ಟ್ ಮಾಡ್ತಿದ್ನಾ ಅಂತ ಕೇಳಿದರೆ, ಸೆಕ್ರೆಟರಿ ನನ್ನನ್ನು ಹಾಲು ಒಕ್ಕೂಟದಿಂದ ಆಡಿಟ್‌ಗೆ ಬಂದವಳು ಅಂದುಕೊಂಡರು. "ಆ ಹೆಸರಿನೋರು ನಮ್ಮೂರಲ್ಲೇ ಇಲ್ಲ ಕಣಮ್ಮ, ಟೆಸ್ಟಿಂಗೆಲ್ಲ ನಾನೇ ಮಾಡೋದು" ಅಂತ ಹೇಳಿ ಫೋನ್ ಇಟ್ಟುಬಿಟ್ಟರು.