ಒಂದೇ ಸ್ಪೀಡಿನ ಕ್ಯಾಮರಾ

ಮಳೆಗಾಲದ ಹೊಸ್ತಿಲಲ್ಲಿ ಬರುವ ತುಳುನಾಡಿನ ಪತ್ತನಾಜೆ ಕಳೆದು ಎರಡು ದಿನ ಆಗಿತ್ತು. ಕಾಸರಗೋಡಿನ ಬದಿಯಡ್ಕದ ನನ್ನ ಸ್ಟುಡಿಯೋಕ್ಕೆ ಒಬ್ಬ ಹುಡುಗ ಬಂದ. ಕಾಲೇಜು ಓದುವವನು. ಪ್ಲಾಸ್ಟಿಕ್ ತೊಟ್ಟೆಯೊಳಗಿಂದ ಅಜ್ಜನ ಹಳೆ ಫಿಲ್ಮ್ ಕ್ಯಾಮರಾ, ಅಗ್ಫಾ ಕ್ಲಿಕ್ 3, ತೆಗೆದು ಮೇಜಿನ ಮೇಲಿಟ್ಟ. ಅಡಿಗೆಮನೆಯ ಅಟ್ಟದಲ್ಲಿತ್ತಂತೆ. ಮೈತುಂಬ ಮಸಿ.

"ಮಾಮ, ಇದರಲ್ಲಿ ಇನ್ನು ಫೋಟೋ ತೆಗೀಲಿಕ್ಕೆ ಆಗ್ತದಾ?"

ಹಿಂದಿನ ಮುಚ್ಚಳ ತೆರೆದೆ. ಶಟರ್ ಒತ್ತಿದರೆ ಟಿಕ್ ಎಂದಿತು. ಲೆನ್ಸಿನ ಮೇಲಿದ್ದದ್ದು ಬರೇ ಹೊಗೆ, ಒರೆಸಿದರೆ ಹೋಗುವಂಥದ್ದು.

"ಆಗ್ತದೆ ಮಾರಾಯ. ಒಳಗೊಂದು ಖಾಲಿ ಸ್ಪೂಲ್ ಇತ್ತಲ್ವಾ, ಅದೆಲ್ಲಿ?"

"ಅದಾ? ಕಸ ಅಂತ ಬಿಸಾಡಿದೆ."

ಇಂಥ ಕ್ಯಾಮರಾ ಮನೆಯಲ್ಲಿ ಸಿಕ್ಕಿದವರು ಮಾಡುವ ಮೊದಲ ತಪ್ಪೇ ಇದು. ಕ್ಲಿಕ್‌ಗೆ ಹಾಕುವ 120 ರೋಲಿಗೆ ಡಬ್ಬಿ ಇಲ್ಲ. ಕಪ್ಪು ಕಾಗದದ ಜೊತೆ ಸುತ್ತಿದ ಫಿಲ್ಮು ಒಂದು ಸ್ಪೂಲಿನಿಂದ ಇನ್ನೊಂದಕ್ಕೆ ಹೋಗುತ್ತದೆ, ಅಷ್ಟೇ. ಆ ಇನ್ನೊಂದು ಸ್ಪೂಲು ಅಂಗಡಿಯಲ್ಲಿ ಸುಲಭಕ್ಕೆ ಬಿಡಿಯಾಗಿ ಸಿಗುವ ವಸ್ತುವಲ್ಲ. ಹಿಂದಿನ ರೋಲಿನದ್ದೇ ಮುಂದಿನ ರೋಲಿಗೆ. ನನ್ನ ಹಳೆ ಡ್ರಾಯರಿನಲ್ಲಿ ನಾಲ್ಕೈದು ಇದ್ದವು. ಒಂದನ್ನು ಕೊಟ್ಟೆ. ಎಲ್ಲ ಊರಲ್ಲೂ ಅಂಥ ಡ್ರಾಯರ್ ಇರುವುದಿಲ್ಲ.

ಕ್ಲಿಕ್ 3 ಜರ್ಮನಿಯ ಅಗ್ಫಾದ ಕ್ಯಾಮರಾ. ನಮ್ಮಲ್ಲಿ ಓಡಾಡಿದ್ದು ಬರೋಡಾದಲ್ಲಿ ತಯಾರಾದದ್ದು. ನಾನು ಕೆಲಸ ಕಲಿಯುವ ಕಾಲಕ್ಕೆ ಸ್ವಲ್ಪ ಅನುಕೂಲ ಇದ್ದವರ ಮನೆಯಲ್ಲಿ ಇದೊಂದು ಇರುತ್ತಿತ್ತು. ಒಂದು ರೋಲಿಗೆ ಹನ್ನೆರಡು ಚೌಕ ಫೋಟೋ. ಸ್ಟುಡಿಯೋದಲ್ಲಿ ಬಳಸುತ್ತಿದ್ದ ಫಿಲ್ಮು 'ಇಂದು', ಊಟಿಯ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯದು. ಆ ಕಾರ್ಖಾನೆ ಮುಚ್ಚಿಹೋಯಿತು. ಈಗ ಫಿಲ್ಮು ಹೊರದೇಶದಿಂದ ಬರಬೇಕು. ರೋಲು, ತೊಳೆಯುವುದು, ಸ್ಕ್ಯಾನ್ ಎಲ್ಲ ಸೇರಿಸಿದರೆ ಒಂದು ಫೋಟೋಕ್ಕೆ ಹೋಟೆಲಿನ ಒಂದು ಮಸಾಲೆ ದೋಸೆಗಿಂತ ಕಡಿಮೆ ಆಗುವುದಿಲ್ಲ. ಹಾಗಾಗಿ ಲೆಕ್ಕ ಹಾಕಿ ಒತ್ತಬೇಕು.

ಲೆಕ್ಕ ಕಷ್ಟದ್ದಲ್ಲ. ಚೆನ್ನಾಗಿ ಬಿಸಿಲಿದ್ದಾಗ ಅಪರ್ಚರ್ (ಬೆಳಕು ಬರುವ ಕಿಂಡಿ, ನಂಬರು ದೊಡ್ಡದಾದಷ್ಟು ಕಿಂಡಿ ಕಿರಿದು) ಎಫ್ 16 ಇಟ್ಟು, ಫಿಲ್ಮಿನ ಐಎಸ್ಓ, ಅಂದರೆ ಅದು ಬೆಳಕು ಹಿಡಿಯುವ ಚುರುಕಿನ ನಂಬರು, ಎಷ್ಟೋ ಅಷ್ಟೇ ಶಟರ್ ಸ್ಪೀಡ್ ಇಟ್ಟರೆ ಫೋಟೋ ಸರಿಯಾಗಿ ಬರುತ್ತದೆ. 100ರ ಫಿಲ್ಮಿಗೆ ಸೆಕೆಂಡಿನ ನೂರರಲ್ಲೊಂದು ಪಾಲು. ಹಳೆ ಫೋಟೋಗ್ರಾಫರುಗಳಿಗೆಲ್ಲ ಇದು ಬಾಯಿಪಾಠ. ಆದರೆ ಕ್ಲಿಕ್‌ನಲ್ಲಿ ಬದಲಾಯಿಸುವುದಕ್ಕೆ ಏನಿದೆ? ಸ್ಪೀಡ್ ಒಂದೇ, ಸುಮಾರು ಮೂವತ್ತರಲ್ಲೊಂದು ಪಾಲು. ಅಪರ್ಚರನ್ನು ಎಷ್ಟು ಕಿರಿದು ಮಾಡಿದರೂ ಎಫ್ 11ರ ಆಸುಪಾಸು. ಅಂದರೆ ಬಿಸಿಲಲ್ಲಿ 100ರ ಫಿಲ್ಮಿಗೆ ಬೇಕಾದದ್ದರ ಆರೇಳು ಪಟ್ಟು ಬೆಳಕು ಒಳಗೆ ನುಗ್ಗುತ್ತದೆ. ಕಪ್ಪು-ಬಿಳುಪು ಫಿಲ್ಮು ಇದನ್ನು ಹೇಗೋ ತಡೆದುಕೊಳ್ಳುತ್ತದೆ. ನೆಗೆಟಿವ್ ಮಾತ್ರ ದಟ್ಟ ಕಪ್ಪಾಗಿ, ಫೋಟೋದಲ್ಲಿ ಆಕಾಶವೆಲ್ಲ ಸುಣ್ಣ ಬಳಿದ ಗೋಡೆಯ ಹಾಗೆ ಬರುತ್ತದೆ.

ಹುಡುಗ ಮೊದಲ ರೋಲನ್ನು ಮುಗಿಸಿದ್ದು ಬೇಕಲ ಕೋಟೆಯಲ್ಲಿ. ಮಳೆ ಶುರುವಾಗುವ ಮೊದಲು, ಸುಡುಬಿಸಿಲಿನ ಮಧ್ಯಾಹ್ನ. ಕೆಳದಿಯ ಶಿವಪ್ಪ ನಾಯಕ ಹದಿನೇಳನೇ ಶತಮಾನದಲ್ಲಿ ಕಟ್ಟಿಸಿದ ಮುರಕಲ್ಲಿನ ಗೋಡೆಗಳೇನೋ ಬಂದಿದ್ದವು. ಆಕಾಶ ಇಲ್ಲ, ಸಮುದ್ರ ಇಲ್ಲ.

"ಕ್ಯಾಮರಾ ಹಾಳಾಗಿದೆಯಾ ಮಾಮ?"

"ಕ್ಯಾಮರಾಕ್ಕೆ ಏನೂ ಆಗಿಲ್ಲ. ನೀನು ಹೋದ ಹೊತ್ತು ಸರಿ ಇಲ್ಲ."

ನಾನು ಹೇಳಬೇಕೆಂದಿರುವುದು ಇದೇ. ಮೊಬೈಲು ಬೆಳಕನ್ನು ನೋಡಿ ತಾನೇ ಬದಲಾಗುತ್ತದೆ. ಈ ಕ್ಯಾಮರಾ ಬದಲಾಗುವುದಿಲ್ಲ. ಅದಕ್ಕೆ ಒಪ್ಪುವ ಬೆಳಕಿರುವ ಜಾಗಕ್ಕೆ, ಒಪ್ಪುವ ಹೊತ್ತಿಗೆ ನಾವು ಹೋಗಬೇಕು. ಮಜಾ ಏನೆಂದರೆ ಆ ಬೆಳಕು ನಮ್ಮ ಕಡೆ ಬೇಕಾದಷ್ಟಿದೆ. ದಟ್ಟ ಮೋಡ ಕವಿದ ಹಗಲಲ್ಲಿ ಬಿಸಿಲಿನ ಎಂಟರಲ್ಲೊಂದು ಪಾಲು ಬೆಳಕು. ಮೇಲಿನ ಆರೇಳು ಪಟ್ಟಿನ ಲೆಕ್ಕಕ್ಕೆ ಇದನ್ನು ಹೊಂದಿಸಿ ನೋಡಿ. ಆಷಾಢದ ಹಗಲು, ಮಳೆ ಬಿಟ್ಟ ಹೊತ್ತು, 100ರ ಫಿಲ್ಮು ಹಾಕಿದ ಕ್ಲಿಕ್‌ಗೆ ಹೇಳಿ ಮಾಡಿಸಿದ ಹಾಗಿರುತ್ತದೆ. ಒದ್ದೆ ಅಂಗಳ, ಹಂಚಿನ ಮಾಡು, ಗದ್ದೆಯ ಹುಣಿ ಎಲ್ಲ ಬೆಳ್ಳಿಯ ಹಾಗೆ ಬರುತ್ತವೆ.

ಅಡಿಕೆ ತೋಟದೊಳಗೆ ಹೋದರೆ ಕತೆ ಬೇರೆ. ಅಲ್ಲಿ ಬೆಳಕು ಇನ್ನೂ ನಾಲ್ಕರಲ್ಲೊಂದು ಪಾಲಿಗೆ ಇಳಿದಿರುತ್ತದೆ. 400ರ ಫಿಲ್ಮು ಹಾಕಿ, ಕ್ಯಾಮರಾವನ್ನು ಅಡಿಕೆ ಮರಕ್ಕೆ ಒತ್ತಿ ಹಿಡಿದು, ಉಸಿರು ಬಿಗಿಹಿಡಿದು ಒತ್ತಬೇಕು. ಮೂವತ್ತರಲ್ಲೊಂದು ಪಾಲು ಅಂದರೆ ಕೈ ನಡುಗಿದ್ದೂ ಫಿಲ್ಮಿನಲ್ಲಿ ದಾಖಲಾಗುವಷ್ಟು ನಿಧಾನ.

ಹೋಲ್ಗಾ ಎಂಬ ಪ್ಲಾಸ್ಟಿಕ್ ಆಟಿಕೆ ಕ್ಯಾಮರಾ ತಂದು ತೋರಿಸುವವರೂ ಇದ್ದಾರೆ. 1982ರಲ್ಲಿ ಹಾಂಕಾಂಗಿನಲ್ಲಿ ಹುಟ್ಟಿದ್ದು. ಚೀನಾದ ಸಾಮಾನ್ಯ ಜನರಿಗೆ ಅಗ್ಗದಲ್ಲಿ ಸಿಗಲಿ ಎಂದು ಮಾಡಿದ್ದು, ಕೊನೆಗೆ ಪ್ರಪಂಚದ ಕಲಾವಿದರ ಕೈಗೆ ಹೋಯಿತು. ಲೆನ್ಸೂ ಪ್ಲಾಸ್ಟಿಕ್ಕೇ. ಒಂದೇ ತುಂಡಿನ ಲೆನ್ಸಾದ್ದರಿಂದ ಅಂಚಿಗೆ ಬರುವ ಬೆಳಕನ್ನು ಫಿಲ್ಮಿನ ಮೇಲೆ ಸರಿಯಾಗಿ ಕೂಡಿಸಲು ಅದಕ್ಕೆ ಆಗುವುದಿಲ್ಲ. ನಡುವೆ ಸ್ಪಷ್ಟ, ಅಂಚು ಮಸುಕು, ಮೂಲೆ ಕಪ್ಪು. ಇದನ್ನೇ ಚಂದ ಎನ್ನುತ್ತಾರೆ. ನನಗೆ ಮೊದಲು ನಗು ಬಂದಿತ್ತು. ನಾವು ಮೂಲೆ ಕಪ್ಪಾದರೆ ಗಿರಾಕಿಗೆ ದುಡ್ಡು ವಾಪಸು ಕೊಟ್ಟವರು! ಆಮೇಲೆ ಒಬ್ಬಾಕೆ ತೆಗೆದ, ಅಂಗಳದಲ್ಲಿ ಒಣಹಾಕಿದ ಅಡಿಕೆಯ ಫೋಟೋ ನೋಡಿದೆ. ನಡುವೆ ಅಡಿಕೆ ಹರಡುವ ಎರಡು ಕೈ ಮಾತ್ರ ಸ್ಪಷ್ಟ, ಸುತ್ತಲಿನ ಅಂಗಳ ಕತ್ತಲೆಗೆ ಜಾರಿದೆ. ನಗು ನಿಂತಿತು. ಮುಖ್ಯವಾದದ್ದನ್ನು ನಡುವೆ ಇಡಿ, ಹೋಲ್ಗಾ ಕೇಳುವುದು ಇಷ್ಟೇ. ಹಾಂ, ಲೆನ್ಸಿನ ಮುಚ್ಚಳ ತೆಗೆಯಿರಿ. ನೋಡುವ ಕಿಂಡಿ ಬೇರೆ, ಲೆನ್ಸ್ ಬೇರೆ. ಮುಚ್ಚಳ ಹಾಕಿಕೊಂಡೇ ಹನ್ನೆರಡೂ ತೆಗೆದು ಬಂದವರಿದ್ದಾರೆ.

ಹೋಲ್ಗಾದಲ್ಲಿ ಫಿಲ್ಮು ಸುತ್ತದೆಯೂ ಮತ್ತೆ ಒತ್ತಬಹುದು. ಒಂದರ ಮೇಲೊಂದು ಚಿತ್ರ ಬೀಳುತ್ತದೆ. ಬೇಕೆಂದು ಮಾಡಿದರೆ ಆಟ, ಮರೆತು ಮಾಡಿದರೆ ನಷ್ಟ. ಒತ್ತಿದ ಕೂಡಲೇ ಸುತ್ತುವ ಅಭ್ಯಾಸ ಇಟ್ಟುಕೊಳ್ಳಿ.

ಈ ಕ್ಯಾಮರಾಗಳ ಬೆನ್ನಿನ ಕೆಂಪು ಕಿಟಕಿಯ ವಿಷಯ ಹೇಳಲೇಬೇಕು. ಕಾಗದದ ಮೇಲಿನ ನಂಬರು ಅದರಲ್ಲಿ ಕಾಣುತ್ತದೆ. ಕೆಂಪು ಯಾಕೆ? ಹಿಂದಿನ ಫಿಲ್ಮುಗಳಿಗೆ ಕೆಂಪು ಬೆಳಕು ತಾಗುತ್ತಿರಲಿಲ್ಲ. ಈಗಿನ ಹೆಚ್ಚಿನ ಫಿಲ್ಮುಗಳಿಗೆ ತಾಗುತ್ತದೆ. ಅದಕ್ಕೇ ಕಿಟಕಿಗೆ ಕಪ್ಪು ಟೇಪು ಅಂಟಿಸಿ, ಸುತ್ತುವಾಗ ಮಾತ್ರ ನೆರಳಲ್ಲಿ ನಿಂತು ಎತ್ತಿ ನೋಡಿ. ಮನೆಯಲ್ಲೇ ಫಿಲ್ಮು ತೊಳೆಯುತ್ತೇನೆಂದು ಕೆಂಪು ಬಲ್ಬು ತಂದವರಿಗೂ ಇದೇ ಮಾತು. ಕೆಂಪು ಬಲ್ಬು ಫೋಟೋ ಪ್ರಿಂಟ್ ಹಾಕುವ ಪೇಪರಿಗೆ. ಫಿಲ್ಮನ್ನು ತೊಳೆಯುವ ಟ್ಯಾಂಕಿಗೆ ಹಾಕಲು ಪೂರ್ತಿ ಕತ್ತಲೆಯೇ ಬೇಕು.

ಇನ್ನು ನಮ್ಮ ಊರಿನ ದೊಡ್ಡ ಪೀಡೆ: ಬೂಸ್ಟು. ಕಾಸರಗೋಡಿನಲ್ಲಿ ವರ್ಷಕ್ಕೆ 3000 ಮಿಲಿಮೀಟರು ದಾಟಿ ಮಳೆ ಸುರಿಯುತ್ತದೆ. ನಾಲ್ಕು ತಿಂಗಳು ಬಟ್ಟೆಯೇ ಒಣಗುವುದಿಲ್ಲ. ಲೆನ್ಸಿನೊಳಗೆ ಜೇಡನ ಬಲೆಯ ಹಾಗೆ ಎಳೆ ಎಳೆಯಾಗಿ ಹಬ್ಬುವ ಬೂಸ್ಟು ಮೊದಲು ಬರೇ ಮೇಲಿರುತ್ತದೆ. ಬಿಟ್ಟರೆ ಅದು ಬಿಡುವ ಆಮ್ಲ ಗಾಜಿನ ಲೇಪವನ್ನು, ಆಮೇಲೆ ಗಾಜನ್ನೇ ತಿನ್ನುತ್ತದೆ. ಆ ಗುರುತು ಯಾವ ರಿಪೇರಿಗೂ ಹೋಗುವುದಿಲ್ಲ. ನನ್ನ ಮೇಜಿಗೆ ಬರುವ ಕ್ಯಾಮರಾಗಳಲ್ಲಿ ಒಂದು ವಿಚಿತ್ರ ಕಂಡಿದ್ದೇನೆ. ಗೋದ್ರೆಜ್ ಕಪಾಟಿನಲ್ಲಿ, ಲೆದರ್ ಕವರಿನೊಳಗೆ, ರೇಷ್ಮೆ ಸೀರೆಯ ಪಕ್ಕ ಜೋಪಾನವಾಗಿ ಇಟ್ಟದ್ದಕ್ಕೆ ಬೂಸ್ಟು. ಒಲೆಯ ಮೇಲಿನ ಅಟ್ಟಕ್ಕೆ ಎಸೆದದ್ದು ಮಸಿ ಹಿಡಿದರೂ ಚೊಕ್ಕ. ಅಲ್ಲಿ ದಿನಾ ಬೆಂಕಿಯ ಕಾವು, ಕೊಬ್ಬರಿ ಒಣಗುವ ಜಾಗ ಅಲ್ವಾ! ಲೆದರ್ ಕವರು ಮಾತ್ರ ತೇವವನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ.

ಈಗ ಅಡಿಗೆಮನೆಗಳಲ್ಲಿ ಗ್ಯಾಸು. ಹಾಗಾಗಿ ಕವರು ಬಿಚ್ಚಿ, ರಬ್ಬರ್ ಅಂಚಿನ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿಟ್ಟು, ಜೊತೆಗೆ ಸಿಲಿಕಾ ಜೆಲ್ ಹಾಕಿ. ಹರಳು ಬಣ್ಣ ಬದಲಿಸಿತೆಂದರೆ ನೀರು ಕುಡಿದು ಮುಗಿಯಿತು ಎಂದರ್ಥ. ಕಾವಲಿಯಲ್ಲಿ ಸಣ್ಣ ಉರಿಗೆ ಹುರಿದರೆ ಮತ್ತೆ ಮೊದಲಿನ ಬಣ್ಣಕ್ಕೆ ಬರುತ್ತದೆ. ದೋಸೆಯ ಕಾವಲಿ ಬೇಡ, ನೀಲಿ ಹರಳಿನಲ್ಲಿ ಕೋಬಾಲ್ಟ್ ಇರುತ್ತದೆ. ಗುಜರಿಗೆ ಹಾಕುವ ಹಳೆಯದೊಂದನ್ನು ಇದಕ್ಕೇ ಎತ್ತಿಡಿ. ತಿಂಗಳಿಗೊಮ್ಮೆ ಕ್ಯಾಮರಾ ಹೊರಗೆ ತೆಗೆದು ನಾಲ್ಕು ಸಲ ಸುಮ್ನೆ ಶಟರ್ ಒತ್ತಿ.

ಡಬ್ಬಿಯಲ್ಲಿ ಬರುವ 35 ಎಂಎಂ ಫಿಲ್ಮಿನ ಕ್ಯಾಮರಾ ಬೇಕೆನ್ನುವವರಿಗೆ ನಾನು ಪೆಂಟಾಕ್ಸ್ ಕೆ1000 ತರಹದ, ಬ್ಯಾಟರಿ ಇಲ್ಲದೆಯೂ ಶಟರ್ ಓಡುವ ಕ್ಯಾಮರಾ ಹುಡುಕಿ ಎನ್ನುತ್ತೇನೆ. ಕೆಲವು ಹಳೆ ಕ್ಯಾಮರಾಗಳಿಗೆ 1.35 ವೋಲ್ಟಿನ ಪಾದರಸದ ಬ್ಯಾಟರಿ ಬೇಕು, ಅದರ ತಯಾರಿಕೆ ನಿಂತಿದೆ. ಹಿಂದಿನ ಮುಚ್ಚಳದ ಅಂಚಿನ ಸ್ಪಂಜು ಅಂಟಂಟಾಗಿದ್ದರೆ ಬೆಳಕು ಸೋರುತ್ತದೆ. ಬದಲಾಯಿಸುವುದು ಕಡಿಮೆ ಖರ್ಚಿನ ಕೆಲಸ. ಫಿಲ್ಮು ಸುತ್ತುವಾಗ ಎಡಗಡೆಯ ರಿವೈಂಡ್ ಗುಬ್ಬಿ ತಿರುಗುತ್ತದೋ ನೋಡಿಕೊಳ್ಳಿ. ತಿರುಗದಿದ್ದರೆ ಒಳಗೆ ಫಿಲ್ಮು ಓಡುತ್ತಿಲ್ಲ. ಒಂದು ಮದುವೆಯ ಧಾರೆಯ ಹೊತ್ತಿನ ಮೂವತ್ತಾರೂ ಫೋಟೋ ನಾನು ಹೀಗೇ ಕಳೆದುಕೊಂಡಿದ್ದೇನೆ. ಆ ಮದುಮಗಳು ಈಗ ಅಜ್ಜಿ. ಎದುರಿಗೆ ಸಿಕ್ಕಿದರೆ ಇವತ್ತಿಗೂ ಬಿಡುವುದಿಲ್ಲ.

ಕಪ್ಪು-ಬಿಳುಪನ್ನು ಮನೆಯಲ್ಲೇ ತೊಳೆಯಬಹುದು. ಫಿಲ್ಮಿನಲ್ಲಿ ಚಿತ್ರ ಮೂಡಿಸುವ ಡೆವಲಪರಿನ ಪೊಟ್ಟಣದ ಮೇಲೆ 20 ಡಿಗ್ರಿಗೆ ಇಷ್ಟು ನಿಮಿಷ ಎಂದು ಬರೆದಿರುತ್ತದೆ. ನಮ್ಮ ಬಾವಿಯ ನೀರು 27, 28 ಡಿಗ್ರಿ. ಆ ಬಿಸಿಗೆ ಸಮಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ, ಐದು ನಿಮಿಷಕ್ಕಿಂತ ಕಡಿಮೆಯಾದರೆ ಫಿಲ್ಮು ಕಲೆ ಕಲೆಯಾಗುವುದುಂಟು. ಡಿ-76 ಎಂಬ ಡೆವಲಪರ್ ಆದರೆ ಸಮಪಾಲು ನೀರು ಬೆರೆಸಿ ತೆಳು ಮಾಡಿ, ಸಮಯ ಉದ್ದವಾಗುತ್ತದೆ. ಬಾಟಲಿಯನ್ನು ಐಸ್ ಹಾಕಿದ ಬಾಲ್ದಿಯಲ್ಲಿಟ್ಟು 24ಕ್ಕಾದರೂ ಇಳಿಸಿ. ಮೂಡಿದ ಚಿತ್ರವನ್ನು ಗಟ್ಟಿ ನಿಲ್ಲಿಸುವ ಹೈಪೋ ದ್ರಾವಣ ಬಳಸಿದ ಮೇಲೆ ಅದರಲ್ಲಿ ಬೆಳ್ಳಿ ಕರಗಿರುತ್ತದೆ, ಬಾವಿಕಟ್ಟೆಯ ಹತ್ತಿರ, ತೋಟದ ಕಣಿಗೆ ಚೆಲ್ಲಬೇಡಿ. ಹೊರಗೆ ಲ್ಯಾಬಿಗೆ ಕಳಿಸುವುದಾದರೆ ನೆಗೆಟಿವ್ ವಾಪಸು ಬೇಕೆಂದು ಮೊದಲೇ ಬರೆದು ಕೊಡಿ. ಸ್ಕ್ಯಾನ್ ಕಳಿಸಿ ಫಿಲ್ಮು ಬಿಸಾಡುವ ಕಡೆಯೂ ಇದೆ.

ಬಯಲಾಟಕ್ಕೆ, ದೈವ ಕಟ್ಟಿ ಕುಣಿಯುವ ತೆಯ್ಯಕ್ಕೆ ಕ್ಲಿಕ್ ಕ್ಯಾಮರಾ ಒಯ್ಯಬಹುದಾ ಎಂದು ಕೇಳುತ್ತಾರೆ. ರಾತ್ರಿಯಾದರೆ ಬೇಡ, ರೋಲು ದಂಡ. ಬೆಳಿಗ್ಗೆ ಬೆಳಕು ಹರಿದ ಮೇಲೂ ನಡೆಯುವ ತೆಯ್ಯಕ್ಕೆ ಆಗಬಹುದು, ಅಲ್ಲಿಯವರನ್ನು ಕೇಳಿಕೊಂಡು.

ಹುಡುಗನ ಎರಡನೇ ರೋಲು ತಕ್ಕಮಟ್ಟಿಗೆ ಚೆನ್ನಾಗಿತ್ತು. ಮೂರನೆಯದ್ದು ಈಗ ಕ್ಯಾಮರಾದೊಳಗಿದೆ, ಕಿಟಕಿಯಲ್ಲಿ ಏಳನೇ ನಂಬರು. ಮೊನ್ನೆ ಫೋನು ಮಾಡಿದ.

"ಮಾಮ, ಬಿಸಿಲೇ ಇಲ್ಲವಲ್ಲ."

"ಬಿಸಿಲು ಯಾಕೆ? ಮೋಡ ಸಾಕು ನಿನಗೆ. ಮಳೆ ಒಂದು ಗಳಿಗೆ ನಿಂತರೆ ಆಯ್ತು."

ಆರು ದಿನ ಆಯಿತು, ಇನ್ನೂ ನಿಂತಿಲ್ಲ.